ಹೆಡ್‌ಫೋನ್ ತೂತು ಮುಚ್ಚಿದ ಮಹನೀಯರಿಗೆ

ಫೋನ್ ಕಂಪನಿಯ ಆಡಳಿತ ನಿರ್ದೇಶಕರ ಸನ್ನಿಧಿಗೆ, ಬಸವೇಶ್ವರನಗರದ ಒಂದು ಮನೆಯ ಮಹಡಿ ಮೇಲಿನ ಹಿಂಭಾಗದ ಬಾಡಿಗೆದಾರನ ವಿನಮ್ರ ನಮಸ್ಕಾರಗಳು.

ಮಾನ್ಯರೇ,

ನನ್ನ ಹೊಸ ಫೋನಿನಲ್ಲಿ ಹೆಡ್‌ಫೋನ್ ಸಿಕ್ಕಿಸುವ ತೂತನ್ನು ತಾವು ಮುಚ್ಚಿದ್ದೀರಿ. ಇದು ಅನ್ಯಾಯ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಸಭ್ಯತೆಯಿಂದ ಬರೆಯಬಹುದೆಂದು ನಂಬಿ ಮುಂದುವರಿಯುತ್ತೇನೆ.

ತೂತು ಹೋದದ್ದರಿಂದ ಫೋನು ತೆಳ್ಳಗಾಯಿತೆಂದು ತಮ್ಮ ಜಾಹೀರಾತು ಹೇಳುತ್ತದೆ. ಎಂಥ ಕರುಣೆ! ದಪ್ಪ ಫೋನಿನ ಭಾರಕ್ಕೆ ಕುಸಿದು ಬಿದ್ದವರನ್ನು ನಮ್ಮ ಬಡಾವಣೆಯಲ್ಲಿ ನಾನು ಕಂಡಿಲ್ಲವಾದರೂ ತಾವು ಕಂಡಿರಲೇಬೇಕು. ವೈರಿಲ್ಲದ ಹೆಡ್‌ಫೋನನ್ನೇ ಕೊಳ್ಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಕೊಳ್ಳಬಾರದೆಂದು 'ಕಿವಿಗೂ ಚಾರ್ಜರ್ ಬೇಕೆ?' ಎಂಬ ಕರಪತ್ರ ಬರೆದು ಮೆಟ್ರೊ ನಿಲ್ದಾಣದ ಹೊರಗೆ ಹಂಚಿದವನು ನಾನೇ. ಪಡೆದವರಲ್ಲಿ ಹೆಚ್ಚಿನವರ ಕಿವಿಯಲ್ಲಿ ಅದೇ ಇದ್ದುದರಿಂದ ನನ್ನ ಘೋಷಣೆ ಯಾರಿಗೂ ಕೇಳಿಸಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಪಾರ್ಕಿನ ಗೇಟಿನ ಪಕ್ಕದಲ್ಲಿ ಚಿಕ್ಕಲಕ್ಷ್ಮಮ್ಮ ಎಂಬುವರು ಬಹಳ ವರ್ಷಗಳಿಂದ ಹೂ ಮಾರುತ್ತಾರೆ. ಆ ಜಾಗ ಸ್ಕೂಟರ್ ನಿಲ್ಲಿಸಲು ಬೇಕೆಂದು ನಿವಾಸಿಗಳ ಸಂಘಕ್ಕೆ ಅನ್ನಿಸಿದೆ. ಚಿಕ್ಕಲಕ್ಷ್ಮಮ್ಮನವರ ಪರವಾಗಿ ಮಾತಾಡಲು ನಾನು ಸಂಘದ ಕಾರ್ಯದರ್ಶಿ ಗಿರಿರಾಜ್ ಅವರನ್ನು ಕಂಡಾಗ ಅವರು ಕೈ ಅಡ್ಡ ಹಿಡಿದರು. "ಭಾಷಣ ಬೇಡಪ್ಪ, ಮೈಕಂತೂ ಬೇಡವೇ ಬೇಡ. ಭಾನುವಾರ ಸಂಘ ಸೇರೋ ಹೊತ್ತಿಗೆ ಪಾರ್ಕಲ್ಲಿ ಜನ ಧ್ಯಾನಕ್ಕೆ ಕೂತಿರ್ತಾರೆ. ಆಯಮ್ಮ ಹೇಳೋದನ್ನ ರೆಕಾರ್ಡ್ ಮಾಡ್ಕೊಂಡ್ ಬನ್ನಿ, ಹೆಡ್‌ಫೋನ್ ಹಾಕ್ಕೊಂಡು ಕೇಳ್ತೀನಿ."

ರೆಕಾರ್ಡ್ ಮಾಡಿದೆ. ನನ್ನ ಹಳೆಯ ಹೆಡ್‌ಫೋನನ್ನು ತಮ್ಮ ತೆಳ್ಳನೆಯ ಫೋನಿಗೆ ಜೋಡಿಸಲು ಅಡಾಪ್ಟರ್ ಬೇಕಾಗಿ ಕಲ್ಮೇಶನ ಮೊಬೈಲ್ ಅಂಗಡಿಗೆ ಹೋದೆ. "ಒಳಗೆ ಚಿಪ್ ಇರೋದು ಕೊಡ್ಲಾ ಗುರು, ಇಲ್ದೇ ಇರೋದಾ?" ಎಂದ. ಚಿಪ್ ಏನು ಮಾಡುತ್ತದೆಂದು ಕೇಳಿದೆ. "ಫೋನಿಗೂ ಹೆಡ್‌ಫೋನಿಗೂ ಮಧ್ಯ ಕೂತ್ಕೊಂಡು ಸೌಂಡ್ ಬದಲಾಯ್ಸತ್ತೆ. ಯಾವ ಫೋನು, ತೋರ್ಸು."

ಮಧ್ಯ ಕೂತು ಬದಲಾಯಿಸುವುದು! ಮಾನ್ಯರೇ, ದಲ್ಲಾಳಿಗಳ ವಿರುದ್ಧ ನಾನು ಓದಿರುವ ಕಿರುಹೊತ್ತಗೆಗಳೆಲ್ಲ ಆ ಕ್ಷಣ ನನ್ನೊಳಗೆ ಎದ್ದು ನಿಂತವು. ಫೋನು ತೋರಿಸುವುದು ಅನಗತ್ಯವೆಂದೂ, ಪ್ರಶ್ನೆ ಫೋನಿನದ್ದಲ್ಲ, ತತ್ವದ್ದೆಂದೂ ವಿವರಿಸಿ, ಚಿಪ್ಪಿಲ್ಲದ ಅಡಾಪ್ಟರನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಹೊರಬಂದೆ. "ಸರಿ ಬಿಡು ಗುರು, ನಿನ್ನಿಷ್ಟ" ಎಂದು ಕಲ್ಮೇಶ ಮುಂದಿನ ಗಿರಾಕಿಯ ಕಡೆ ತಿರುಗಿದ. ಮನೆಯಲ್ಲಿ ಒಮ್ಮೆ ಸಿಕ್ಕಿಸಿ ನೋಡಬಹುದಿತ್ತು. ಸರಿಯಾದ ಸಿದ್ಧಾಂತಕ್ಕೆ ಪರೀಕ್ಷೆಯ ಅಗತ್ಯವಿಲ್ಲವೆಂದು ಆಗ ನಂಬಿದ್ದೆ.

ಭಾನುವಾರ ಗಿರಿರಾಜ್ ಅವರ ತಲೆಗೆ ಹೆಡ್‌ಫೋನ್ ತೊಡಿಸಿ, ಧ್ವನಿಯನ್ನು ಪೂರ್ತಿ ಏರಿಸಿ ಪ್ಲೇ ಒತ್ತಿದೆ. ತಮ್ಮ ಫೋನು ನನ್ನ ಅಡಾಪ್ಟರಿನ ಅಸ್ತಿತ್ವವನ್ನೇ ಒಪ್ಪಲಿಲ್ಲ. ಚಿಪ್ಪಿಲ್ಲದೆ ಅದಕ್ಕೆ ಹೆಡ್‌ಫೋನಿನೊಡನೆ ಮಾತೇ ಬರುವುದಿಲ್ಲವಂತೆ. ಬದಲಾಗಿ ತನ್ನ ಸ್ವಂತ ಸ್ಪೀಕರಿನಿಂದ, ಧ್ಯಾನಸ್ಥ ಪಾರ್ಕಿಗೆಲ್ಲ ಕೇಳುವಂತೆ, ನಾನು ಬಿಟ್ಟು ಮುಂದೆ ಹೋಗಬೇಕೆಂದಿದ್ದ ಆರಂಭದ ಭಾಗವನ್ನು ನುಡಿಸಿತು:

"ಶುರುವಾಯ್ತೇನಪ್ಪಾ? ಏನ್ ಹೇಳ್ಲಿ? ಈ ಹುಡುಗ ದಿನಾ ಬಂದು ಸಮಾಜ ಬದಲಾಗ್ಬೇಕು ಅಂತಾನೆ, ಒಂದಿನಾನೂ ಒಂದು ಮೊಳ ಹೂ ತಗೊಂಡೋನಲ್ಲ. ಇವನಿಗಿಂತ ಆ ಗಿರಿರಾಜಪ್ಪನೇ ವಾಸಿ. ಪ್ರಾಣ ಹೋಗೋ ಹಂಗೆ ಚೌಕಾಸಿ ಮಾಡಿದ್ರೂ ತಗೊಂಡ್ ಹೋಗ್ತಾರೆ."

ಧ್ಯಾನಿಗಳು ಒಂದೊಂದೇ ಕಣ್ಣು ತೆರೆದರು. ನಾನು ಗಾಬರಿಯಲ್ಲಿ ಫೋನನ್ನೇ ಆರಿಸಿದ್ದರಿಂದ ಚಿಕ್ಕಲಕ್ಷ್ಮಮ್ಮನವರ ನಿಜವಾದ ಅಹವಾಲು ಯಾರಿಗೂ ತಲುಪಲಿಲ್ಲ. ಕಿವಿಯ ಮೇಲಿನ ಮೂಕ ಹೆಡ್‌ಫೋನನ್ನು ತೆಗೆಯುತ್ತ ಗಿರಿರಾಜ್ ನಕ್ಕರು, ಆದರೆ ಮಾತು ಖಡಕ್ಕಾಗಿತ್ತು. "ಮುಂದಿನ ವಾರ ಅವರನ್ನೇ ಕರ್ಕೊಂಡ್ ಬನ್ನಿ. ಬರ್ಲಿಲ್ಲಾಂದ್ರೆ ಅವತ್ತೇ ಪಾರ್ಕಿಂಗ್ ಗೆರೆ ಎಳೆಸ್ತೀವಿ."

ಹೋಗಿ ಕೇಳಿದೆ. ಚಿಕ್ಕಲಕ್ಷ್ಮಮ್ಮ ಹೂ ಕಟ್ಟುವ ಕೈ ನಿಲ್ಲಿಸದೆ ಹೇಳಿದರು. "ನಾನೇನ್ ಮೂಗೀನೇನಪ್ಪಾ? ಕರೆದಿದ್ರೆ ಮೊದ್ಲೇ ಬರ್ತಿದ್ನಲ್ಲ. ನೀನೇ ತಾನೇ ಮಿಶನ್ನಿಗೆ ಹೇಳಿ ಅಂದಿದ್ದು?"

ಸಂಘದವರು ಕೂರುವ ಬೆಂಚು ಅವರ ಬುಟ್ಟಿಯಿಂದ ಕೂಗಳತೆಯಲ್ಲಿದೆ. ಚಿಪ್ಪಾದರೂ ಮಧ್ಯ ಕೂತು ಶಬ್ದವನ್ನು ಆಚೆ ದಾಟಿಸುತ್ತದೆ; ನಾನು ಅದನ್ನೂ ಮಾಡಲಿಲ್ಲ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ. ತೂತನ್ನು ದಯಮಾಡಿ ಹಿಂತಿರುಗಿಸಿ. ಅದು ತಮ್ಮ ಗೋದಾಮಿನಲ್ಲಿ ಎಲ್ಲೋ ಇರಲೇಬೇಕು. ಸಿಗದಿದ್ದರೆ ತಮ್ಮ ನಿರ್ದೇಶಕರೆಲ್ಲ ಒಂದು ವರ್ಷ ಪರಸ್ಪರ ಅಡಾಪ್ಟರಿನ ಮೂಲಕವೇ ಮಾತಾಡಲಿ. ಸರಿಯಾದದ್ದನ್ನು ಆರಿಸಿಕೊಳ್ಳುವ ಹೊಣೆಯೂ ಅವರದ್ದೇ ಇರಲಿ. ಕನಿಷ್ಠ ಪೆಟ್ಟಿಗೆಯ ಮೇಲೆ, ನನ್ನಂಥವರಿಗಾಗಿ, ದಪ್ಪ ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿ: 'ಫೋನು ನೋಡಿ ಕೊಳ್ಳಿ, ತತ್ವ ನೋಡಿ ಅಲ್ಲ.'

ತಪ್ಪು ಅಡಾಪ್ಟರನ್ನು ಎಸೆಯಲೂ ಮನಸ್ಸು ಬಾರದ, ತಮ್ಮ ವಿಶ್ವಾಸಿ,
ಬಸವಕುಮಾರ್

ಮರೆತ ಮಾತು: ಬರುವ ಭಾನುವಾರ ಬೆಳಗ್ಗೆ ಏಳೂವರೆಗೆ ಚಿಕ್ಕಲಕ್ಷ್ಮಮ್ಮ ತಾವೇ ಮಾತಾಡುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ಬುಟ್ಟಿ ಕಾಯುತ್ತೇನೆ. ತಾವೂ ದಯಮಾಡಿಸಬೇಕು. ಕಾರನ್ನು ದೂರದಲ್ಲೇ ಬಿಟ್ಟು ನಡೆದು ಬನ್ನಿ. ಏಳೂವರೆಗೆ ಗೇಟಿನ ಪಕ್ಕದ ಜಾಗ ಇನ್ನೂ ಅವರದ್ದೇ.