ಬೇರೆಯವರಿಗಿಂತ ಎರಡು ರೂಪಾಯಿ ಜಾಸ್ತಿ

ತೊಂಬತ್ತರ ದಶಕದಲ್ಲಿ ನಾನು ಮೂಡಿಗೆರೆ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದೆ, ಅಂದರೆ ಹಾಜರಿ ಬರೆಯುವವನು. ಕೂಲಿ ಹೆಚ್ಚಿಸುವ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ಫಜೀತಿ ಆಗಲೇಬೇಕು. ಗೆಲ್ಲುವವಳು ಮಾತ್ರ ಒಬ್ಬಳೇ. ಹಣ್ಣು ಕೊಯ್ಯುವ ಹೆಂಗಸರ ಮುಂದಾಳು, ಎಲ್ಲರ ಬಾಯಲ್ಲೂ ‘ಅಕ್ಕ’. ಓದು ಬರಹ ಇಲ್ಲ, ತಲೆ ನಮ್ಮೆಲ್ಲರಿಗಿಂತ ಚುರುಕು.

೧. ಬಾಗಿಲ ಹಿಂದಿನ ನೋಟೀಸು

ಸರ್ಕಾರದ ಹೊಸ ಕೂಲಿ ದರವನ್ನು ಆಳುಗಳಿಗೆ ಕಾಣುವಂತೆ ಹಾಕಬೇಕೆಂದು ಕಾನೂನು. ಎಸ್ಟೇಟಿನ ಮಾಲೀಕರಾದ ಸಾಹುಕಾರರು ಅದನ್ನು ಆಫೀಸಿನ ಬಾಗಿಲ ಹಿಂಬದಿಗೆ ಅಂಟಿಸಿದರು. ಬಾಗಿಲು ಸದಾ ತೆರೆದೇ ಇರುತ್ತಿದ್ದರಿಂದ ಅದನ್ನು ಓದುತ್ತಿದ್ದದ್ದು ಗೋಡೆಯೊಂದೇ.

ಒಂದು ಬೆಳಿಗ್ಗೆ ಅಕ್ಕ ಹೆಂಗಸರನ್ನೆಲ್ಲ ಒಳಗೆ ಕರೆತಂದು, “ಎಂಥ ಚಳಿ ಮಾರಾಯ್ರೆ!” ಎಂದು ಬಾಗಿಲು ಹಾಕಿದಳು. “ಇದೆಂಥದು ರೈಟ್ರೆ? ಸ್ವಲ್ಪ ಗಟ್ಟಿಯಾಗಿ ಓದಿ.”

ಸಾಹುಕಾರರ ಎದುರಿಗೇ ಓದಿದೆ. ಅವತ್ತಿನಿಂದ ಆ ಬಾಗಿಲು ಮುಚ್ಚಿದರೆ ಸಾಹುಕಾರರಿಗೆ ಸೆಖೆಯಾಗುತ್ತಿತ್ತು.

೨. ಗುಟ್ಟಿನ ಕಾಗದ

ಮರುವರ್ಷ ಯೂನಿಯನ್‌ನವರು ಎಲ್ಲರ ಪರವಾಗಿ ಕೂತು ಮಾತಾಡೋಣ ಎಂದರು. ಸಾಹುಕಾರರು ಒಪ್ಪದೆ, ಹೆಂಗಸರನ್ನು ಒಬ್ಬೊಬ್ಬರಾಗಿ ಕರೆದು ರುಜು ಹಾಕಿದ ಕಾಗದ ಕೊಟ್ಟರು: “ನಿನಗೆ ಬೇರೆಯವರಿಗಿಂತ ದಿನಕ್ಕೆ ಎರಡು ರೂಪಾಯಿ ಜಾಸ್ತಿ. ಯಾರಿಗೂ ಹೇಳ್ಬೇಡ. ಯೂನಿಯನ್ ಸಹವಾಸವೂ ಬೇಡ.” ಕೈ ನಿಧಾನವಾದ ಮೂವರು ಮುದುಕಿಯರಿಗೆ ಮಾತ್ರ ಕಾಗದವಿಲ್ಲ, ಹಳೇ ಕೂಲಿಯೇ ಗತಿ.

ಇಪ್ಪತ್ತು ಕಾಗದಗಳನ್ನೂ ಮುದ್ದಾಗಿ ಬರೆದ ಮಹಾನುಭಾವ ನಾನೇ. ಇಪ್ಪತ್ತೊಂದನೆಯದು ನನ್ನ ಹೆಸರಿಗೇ ಇತ್ತು, ಒಕ್ಕಣೆ ಅದೇ.

ಹಣ್ಣು ಕೊಯ್ಯುವಾಗ ಗಿಡದ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. ಮಾತಿಗೇನು ಬರ! ಮಧ್ಯಾಹ್ನದ ಗಂಜಿ ಹೊತ್ತಿಗೆ ಗುಟ್ಟು ಇಡೀ ತೋಟಕ್ಕೆ ಗೊತ್ತಾಗಿತ್ತು. ಇನ್ನೂ ಗುಟ್ಟೆಂದು ನಂಬಿದ್ದವರು ಸಾಹುಕಾರರೊಬ್ಬರೇ.

೩. ಬಟವಾಡೆ

ಕೂಲಿ ಕೊಡುವ ದಿನ ಅಕ್ಕ ಕಾಗದ ಮುಂದಿಟ್ಟು ಪಕ್ಕದವಳನ್ನು ತೋರಿಸಿದಳು. “ಸಾವ್ಕಾರ್ರೆ, ನಂಗೆ ಬೇರೆಯವ್ರಿಗಿಂತ ಎರಡು ಜಾಸ್ತಿ ಅಂದ್ರಿ. ಇವಳಿಗೂ ನನ್ನಷ್ಟೇ ಕೊಟ್ಟಿದೀರಲ್ಲ?”

ಹಣ್ಣು ಉದುರುವ ಕಾಲ, ಜಗಳಕ್ಕೆ ಪುರುಸೊತ್ತಿಲ್ಲ. ಸಾಹುಕಾರರು ಅಕ್ಕನಿಗೆ ಎರಡು ರೂಪಾಯಿ ಸೇರಿಸಿದರು. ತಕ್ಷಣ ಪಕ್ಕದವಳು ಕಾಗದ ತೆಗೆದಳು. “ಹಂಗಾರೆ ಅಕ್ಕನಿಗಿಂತ ನಂಗೆ ಎರಡು ಜಾಸ್ತಿ ಆಗ್ಬೇಕು.” ಅವಳ ಹಿಂದೆ ಮತ್ತೊಬ್ಬಳು, ಅವಳ ಹಿಂದೆ ಇನ್ನೊಬ್ಬಳು.

ಸಾಹುಕಾರರು ಬೆವರು ಒರೆಸಿಕೊಂಡರು. “ಇದು ಮುಗಿಯೋದು ಎಲ್ಲಿಗೆ ಮಾರಾಯ್ತಿ?”

“ಯೂನಿಯನ್ನವ್ರ ಜೊತೆ ಕೂತ್ರೆ ಮುಗೀತದೆ. ಆ ಮೂವರು ಅಜ್ಜಿಯರಿಗೂ ಸೇರಿ ಎಲ್ರಿಗೂ ಒಂದೇ ಕೂಲಿ. ನಂಗೂ ಜಾಸ್ತಿ ಬೇಡ.”

ಆ ಕೊನೆಯ ಮಾತಿಗೆ ಸಾಹುಕಾರರು ಸೋತೆನೆಂದು ನಕ್ಕು ಒಪ್ಪಿದರು. ಒಳ್ಳೆಯ ಮನುಷ್ಯ, ಮೆಚ್ಚುವುದು ಗೊತ್ತಿತ್ತು. “ನಾಳೆ ಕಾಫಿ ವ್ಯಾಪಾರಿ ಬರ್ತಾನೆ. ನನ್ನ ಕಡೆಯಿಂದ ನೀನೇ ಮಾತಾಡ್ತೀಯ?” ಎಂದರು.

“ಆಯ್ತು. ಆದ್ರೆ ಆ ಕೆಲ್ಸಕ್ಕೆ ರೈಟ್ರಿಗಿಂತ ಎರಡು ರೂಪಾಯಿ ಜಾಸ್ತಿ.”

ನಾನು ಮೆಲ್ಲಗೆ ಜೇಬಿನಿಂದ ಇಪ್ಪತ್ತೊಂದನೆಯ ಕಾಗದ ತೆಗೆದು ಮೇಜಿನ ಮೇಲಿಟ್ಟೆ.