ರಕ್ತದಲ್ಲಿ ದೋಷವಿದ್ದ ಹುಂಜ

ಕಟ್ಟೆಮಳಲವಾಡಿಯ ಕಾಂತರಾಜುವಿನ ಮನೆಯಲ್ಲಿ ಆ ಬೆಳಿಗ್ಗೆ ಮತ್ತೆರಡು ಓರೆಕೊಕ್ಕಿನ ಮರಿಗಳು ಮೊಟ್ಟೆಯೊಡೆದು ಹೊರಬಂದವು. ಮೇಲಿನ ಕೊಕ್ಕು ಬಲಕ್ಕೆ, ಕೆಳಗಿನದು ಎಡಕ್ಕೆ, ಅರ್ಧ ತೆರೆದಿಟ್ಟ ಕತ್ತರಿಯ ಹಾಗೆ. ಇಂಥ ಮರಿ ದಿನವಿಡೀ ನೆಲ ಕುಟುಕಿದರೂ ಒಂದು ಕಾಳು ಬಾಯಿಗೆ ಹೋಗುವುದಿಲ್ಲ. ಹಿಂದಿನ ಸಲ ಹುಟ್ಟಿದ ಓರೆಕೊಕ್ಕುಗಳಿಗೆ ಪ್ರಮೀಳಾ ಜಗುಲಿಯ ಮೇಲೆ ಕೂತು ರಾಗಿ ಅಂಬಲಿಯನ್ನು ಬೆರಳ ತುದಿಯಲ್ಲಿ ತಿನ್ನಿಸುತ್ತಿದ್ದಳು. ಗಂಡ ಹೊಸ ಮರಿಗಳನ್ನು ಅಂಗೈಯಲ್ಲಿಟ್ಟುಕೊಂಡು ಬಂದದ್ದನ್ನು ನೋಡಿ ಅವಳೇನೂ ಬೇಸರ ತೋರಿಸಲಿಲ್ಲ.

"ಅಲ್ಲೇ ಸಾಲಲ್ಲಿ ಬುಡಿ. ನಮ್ ಮಕ್ಳಿಗೂ ನಾನು ಇಷ್ಟು ತಿನ್ನಿಸಿರ್ಲಿಲ್ಲ" ಎಂದಳು.

ಕಾಂತರಾಜು ಅಂಗಳದತ್ತ ನೋಡಿದ. ಬೇಲಿಯ ಕಲ್ಲಿನ ಮೇಲೆ ಅವನ ಹುಂಜ ನಿಂತಿತ್ತು. ಬೆಂಕಿಯ ಬಣ್ಣದ ಕತ್ತು, ಹಸಿರು ಹೊಳೆಯುವ ಕಪ್ಪು ಬಾಲ, ಕುಂಕುಮದಂಥ ಜುಟ್ಟು. ಮದುವೆಗೆ ಹೊರಟ ಮೈದುನನ ಹಾಗೆ ನಿಂತಿತ್ತು. ಅದರ ಕೊಕ್ಕು ದಬ್ಬಳದಷ್ಟು ನೆಟ್ಟಗಿತ್ತು. ತೊಂದರೆಯೆಲ್ಲ ಅಲ್ಲೇ ಇತ್ತು.

ಹುಣಸೂರಿನ ಪಶುವೈದ್ಯರು ವಿಷಯವನ್ನು ಬಿಡಿಸಿ ಹೇಳಿದ್ದರು. "ದೋಷ ಕೊಕ್ಕಲ್ಲಿ ಕಾಣಲ್ಲ ಕಣ್ರೀ, ರಕ್ತದಲ್ಲಿ ಬಚ್ಚಿಟ್ಕೊಂಡಿರುತ್ತೆ. ಅಜ್ಜಿ, ಚಿಕ್ಕಮ್ಮ, ಮೊಮ್ಮಗ ಎಲ್ಲಾ ಒಂದೇ ಅಂಗಳದಲ್ಲಿ ಸಂಸಾರ ಮಾಡಿದ್ರೆ ಒಂದಿನ ಹೊರಗೆ ಬರುತ್ತೆ. ಸಂಬಂಧ ಇಲ್ಲದ ಕಡೆಯಿಂದ ಒಂದು ಹುಂಜ ತನ್ನಿ. ಇದನ್ನ ಮಾತ್ರ ಊರಲ್ಲಿ ಯಾರಿಗೂ ಸಾಕೋಕೆ ಕೊಡಬೇಡಿ."

ಕಾಂತರಾಜುವಿನ ಕೋಳಿಗಳು ಅವನ ತಾಯಿ ತವರಿನಿಂದ ಮಡಿಲಲ್ಲಿ ಕಟ್ಟಿಕೊಂಡು ಬಂದ ಮೊಟ್ಟೆಗಳ ವಂಶ. ಫಾರಂ ಕೋಳಿಯ ಗಾಳಿ ಸೋಕದ ಅಪ್ಪಟ ನಾಟಿ. ಆಕೆ ಸಾಯುವ ಮುಂಚೆ ಜಮೀನಿನ ವಿಚಾರ ಎತ್ತಲೇ ಇಲ್ಲ, "ಕೋಳಿ ಜಾತಿ ಕೆಡಿಸ್ಬೇಡ ಕಣೋ" ಎಂದಷ್ಟೇ ಹೇಳಿದ್ದಳು. ಆ ಜಾತಿ ಈಗ ತಾನಾಗಿಯೇ ಕೆಡುತ್ತಿತ್ತು. ಹುಂಜವನ್ನು ಕುಯ್ಯಲು ಅವನಿಗೆ ಕೈ ಬರಲಿಲ್ಲ. ಮರಿಯಾಗಿದ್ದಾಗ ಅಂಗಿ ಜೇಬಿನಲ್ಲಿಟ್ಟುಕೊಂಡು ಸಾಕಿದ್ದ. ಕಾಡಂಚಿನ ವೀರನಹೊಸಹಳ್ಳಿಯಲ್ಲಿ ಹುಚ್ಚಯ್ಯ ಎಂಬ ಮುದುಕನ ಬಳಿ ಬೇರೆ ತಳಿಯ ಹುಂಜವೊಂದಿದೆ ಎಂದು ಸಂತೆಯಲ್ಲಿ ಯಾರೋ ಹೇಳಿದ್ದರು. ಇದನ್ನು ಕೊಟ್ಟು ಅದನ್ನು ತರುವುದು, ಇದನ್ನು ಸಾರು ಮಾಡುತ್ತೇನೆಂದು ಮುದುಕನಿಂದ ಮಾತು ತೆಗೆದುಕೊಳ್ಳುವುದು, ಇದು ಅವನ ಯೋಜನೆ. ಹುಂಜವನ್ನು ಕುಕ್ಕೆಯಲ್ಲಿ ಕವುಚಿ ಬೈಕಿನ ಹಿಂದಕ್ಕೆ ಕಟ್ಟಿದ.

ಊರ ಬಾಗಿಲಿನ ಟೀ ಅಂಗಡಿಯ ಮುಂದೆ ನಿಂಗಯ್ಯ ಕೂತಿದ್ದ. ಪಕ್ಕದ ಮನೆಯವನು. ಊರಿನಲ್ಲಿ ಯಾರ ಮನೆಗೆ ಏನು ಹೋಯಿತು, ಏನು ಬಂತು ಎನ್ನುವುದು ತನ್ನನ್ನು ದಾಟಿಯೇ ನಡೆಯಬೇಕೆಂದು ನಂಬಿದವನು.

"ಉಂಜ ಕಟ್ಕಂಡು ಎತ್ಲಾಗ್ಲಾ ಒಂಟೆ?"

ಕಾಂತರಾಜು ನಿಜವನ್ನೇ ಹೇಳಿದ. ರಕ್ತದ ದೋಷ, ಓರೆಕೊಕ್ಕು, ಡಾಕ್ಟರ ಮಾತು, ವೀರನಹೊಸಹಳ್ಳಿಯ ಹುಚ್ಚಯ್ಯ, ಒಂದನ್ನೂ ಬಿಡಲಿಲ್ಲ. ನಿಂಗಯ್ಯ ಕುಕ್ಕೆಯ ಸಂದಿಯಿಂದ ಹುಂಜದ ಕೊಕ್ಕನ್ನು ನೋಡಿದ. ಆಮೇಲೆ ಕಾಂತರಾಜುವಿನ ಮುಖ ನೋಡಿದ.

"ನೆಟ್ಟಗೈತಲ್ಲ."

"ಮೇಲೆ ನೆಟ್ಟಗೈತೆ ಕಣಣ್ಣ. ಒಳಗೆ ಓರೆ."

"ಕೊಕ್ಕು ಒಳಗೆ ಎಂಗ್ಲಾ ಓರೆ ಆಯ್ತದೆ? ಆಯ್ತು ಬುಡು, ನಂಗೇ ಕೊಟ್ಬುಡು. ಓರೆನೋ ಡೊಂಕೋ ನಾನು ಸಾಕ್ಕತೀನಿ."

"ನಿಂಗೆ ಕೊಡಂಗಿಲ್ಲ ಕಣಣ್ಣ. ನಿನ್ ಕೋಳಿನೂ ನಮ್ಮನೆ ಮೊಟ್ಟೇಲಿ ಉಟ್ಟಿರವು. ಒಂದೇ ರಕ್ತ. ಸೇರಿಸಿದ್ರೆ ದೋಷ ದುಪ್ಪಟ್ಟಾಯ್ತದೆ."

ನಿಂಗಯ್ಯ ಟೀ ಲೋಟ ಕೆಳಗಿಟ್ಟ. "ಅಂದ್ರೆ ನನ್ ಕೋಳೀಲೂ ದೋಷ ಐತೆ ಅಂತೀಯ."

ಐತೆ ಎನ್ನುವುದೇ ಸರಿಯಾದ ಉತ್ತರವಾಗಿತ್ತು. ಕಾಂತರಾಜು ಅದನ್ನೇ ಕೊಟ್ಟು ಬೈಕು ಹೊರಡಿಸಿದ.

ಅವನು ಹುಣಸೂರು ದಾಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ಜಯಲಕ್ಷ್ಮಮ್ಮನಿಂದ ಫೋನು ಬಂತು. ಸಂಘದ ಹೆಂಗಸರಿಗೆಲ್ಲ ನಾಟಿ ಮರಿ ಕೊಡುತ್ತೇನೆಂದು ಕಾಂತರಾಜು ಒಪ್ಪಿಕೊಂಡಿದ್ದ. ಈ ಹುಂಜ ತೆಗೆದು ಹಾಕುತ್ತಿದ್ದುದೂ ಅರ್ಧ ಅದಕ್ಕೇ.

"ಕಾಂತಣ್ಣ, ಉಂಜನ ಕೇರಳದೋರ್ಗೆ ಮಾರ್ಬುಟ್ರಂತೆ?"

"ಇಲ್ಲ ಕಣಕ್ಕ. ದೋಷ ಐತೆ ಅಂತ ಬದ್ಲಾಯಿಸಕ್ಕೆ ಒಂಟಿದ್ದೀನಿ. ನಿಮ್ ಸಂಘಕ್ಕೆ ಒಳ್ಳೆ ಮರಿ ಸಿಗ್ಲಿ ಅಂತ್ಲೇ."

"ಏನಾರ ಕಷ್ಟ ಇದ್ರೆ ಏಳಿ. ನಾವೆಲ್ಲ ಇಲ್ವಾ? ಮುಚ್ಚಿಡಬ್ಯಾಡಿ."

"ಕಷ್ಟ ಏನಿಲ್ಲ ಕಣಕ್ಕ."

"ಅಂಗೇ ಏಳ್ತೀರಿ, ಮಾನವಂತ್ರು" ಎಂದು ಆಕೆ ನಿಟ್ಟುಸಿರು ಬಿಟ್ಟಳು.

ಹುಚ್ಚಯ್ಯನ ಮನೆ ಕಾಡಿನ ಕಂದಕದ ಪಕ್ಕದಲ್ಲೇ ಇತ್ತು. ಅವನ ಕೋಳಿಗಳನ್ನೆಲ್ಲ ಕಾಡುಬೆಕ್ಕು ಒಂದೊಂದಾಗಿ ಒಯ್ದಿತ್ತು, ಉಳಿದದ್ದು ಒಂದು ಹುಂಜ ಮಾತ್ರ. ಅದನ್ನು ನೋಡಿದ ಕೂಡಲೇ ಬೆಕ್ಕು ಅದನ್ನೇಕೆ ಬಿಟ್ಟಿತೆಂದು ಕಾಂತರಾಜುವಿಗೆ ಅರ್ಥವಾಯಿತು. ಕತ್ತಿನಲ್ಲಿ ಒಂದು ಗರಿಯಿಲ್ಲ, ಕೆಂಪಗೆ ಬೋಳು. ಬಾಲ ಹಳೆಯ ಪೊರಕೆ. ನಡೆದರೆ ಸಾಲ ಕೇಳಲು ಬಂದವನ ಹಾಗೆ ಸಂಕೋಚ. ಆದರೆ ಕಾಲ್ಬೆರಳು ನೇರ, ಎದೆಮೂಳೆ ನೇರ, ಅಪ್ಪ ಅಜ್ಜಂದಿರೆಲ್ಲ ಹೆಗ್ಗಡದೇವನಕೋಟೆ ಕಡೆಯವರು. ಕಟ್ಟೆಮಳಲವಾಡಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಕಾಂತರಾಜು ಅದನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದ. ಬಹಳ ದಿನದ ಮೇಲೆ ಅವನ ಮನಸ್ಸು ಹಗುರವಾಯಿತು.

"ನಂಗೂ ಸಾಕಾಗದೆ. ಇದೊಂದ್ನ ತಿಂದು ಕೋಳಿ ಸಾಕೋದೇ ಬುಟ್ಬುಡ್ತೀನಿ ಅಂತಿದ್ದೆ" ಎಂದ ಹುಚ್ಚಯ್ಯ. "ನಿನ್ ಉಂಜ ಮಾಂಸವಾಗೈತೆ. ಇರ್ಲಿ, ಇದ್ನೇ ತಿಂತೀನಿ."

"ಸಾಕಂಗಿಲ್ಲ ಯಜಮಾನ್ರೇ. ಇವತ್ತೇ ಸಾರಾಗ್ಬೇಕು."

"ಇವತ್ತು ಈ ಮನೇಲಿ ಒಂದು ಉಂಜ ಸಾರಾಯ್ತದೆ. ಮಾತು ಅಂದ್ರೆ ಮಾತು." ಮುದುಕ ಒಳಗೆ ತಿರುಗಿ ಹೆಂಡತಿಗೆ ಹೇಳಿದ, "ಬೀರಮ್ಮ, ಮಸಾಲೆ ಅರಿ."

ಕಾಂತರಾಜು ಹಿಂದಿರುಗಿ ನೋಡದೆ ಹೊರಟ. ಹನಗೋಡಿನವರೆಗೂ ಅವನಿಗೆ ಜೇಬಿನಲ್ಲಿ ಏನೋ ಮಿಸುಕಿದ ಹಾಗೆ ಆಗುತ್ತಿತ್ತು.

ಊರಿಗೆ ಬಂದಾಗ ಟೀ ಅಂಗಡಿಯ ಮುಂದೆ ಹತ್ತಾರು ಜನ ಸೇರಿದ್ದರು. ನಿಂಗಯ್ಯ ಕುಕ್ಕೆಯ ಬಾಯಿ ತೆಗೆದು ಒಳಗೆ ನೋಡಿದ. ಬೋಳು ಕತ್ತಿನ ಹುಂಜವೂ ಅವನನ್ನು ನೋಡಿತು. ಯಾರೂ ನಗಲಿಲ್ಲ. ಸಾವಿನ ಮನೆಯಲ್ಲಿ ನಿಂತವರ ಹಾಗೆ ಒಬ್ಬೊಬ್ಬರೇ ಬಗ್ಗಿ ನೋಡಿ ಹಿಂದೆ ಸರಿದರು.

"ಆ ಉಂಜ ಕೊಟ್ಟು ಇದಾ?" ಎಂದ ನಿಂಗಯ್ಯ. ದನಿಯಲ್ಲಿ ಬೆಳಗಿನ ಸಿಟ್ಟು ಇರಲಿಲ್ಲ. ಅದಕ್ಕಿಂತ ಕೆಟ್ಟದ್ದು, ಕನಿಕರ, ಇತ್ತು. "ಓಗ್ಲಾ, ಓಗಿ ಉಂಡು ಮಲಿಕೋ."

ಕಾಂತರಾಜು ಹಾಗೆಯೇ ಮಾಡಿದ. ಹೊಸ ಹುಂಜವನ್ನು ಗೂಡಿಗೆ ಬಿಟ್ಟು, ಮುದ್ದೆ ಉಂಡು, ಗೋಡೆಗೆ ಮುಖ ಮಾಡಿ ಮಲಗಿದ. ಮುಂದಿನ ಮರಿಗಳೆಲ್ಲ ನೆಟ್ಟನೆಯ ಕೊಕ್ಕಿನಿಂದ ರಾಗಿ ಹೆಕ್ಕುತ್ತಿರುವುದನ್ನು ನೆನೆಯುತ್ತ ನಿದ್ದೆ ಹೋದ.

ಎದ್ದಾಗ ಹೊತ್ತು ಇಳಿದಿತ್ತು. ಗೂಡಿನ ಬಾಗಿಲು ತೆರೆದಿತ್ತು. ಬೋಳು ಕತ್ತಿನ ಹುಂಜ ಇರಲಿಲ್ಲ. ಅವನು ಹಿತ್ತಲು, ಹುಲ್ಲಿನ ಮೆದೆ, ತಂಬಾಕು ಹದಮಾಡುವ ಬ್ಯಾರನ್ನಿನ ಸಂದಿ ಎಲ್ಲವನ್ನೂ ಹುಡುಕಿದ. ಮುಂಗುಸಿ ಎಳೆದಿದ್ದರೆ ಗರಿಯಾದರೂ ಬೀಳಬೇಕು, ಆದರೆ ಅದಕ್ಕೆ ಗರಿಯೇ ಕಮ್ಮಿ ಎಂದು ಯೋಚಿಸುತ್ತ ನಿಂತಿದ್ದಾಗ ಪ್ರಮೀಳಾ ಹೊಲದಿಂದ ಬಂದಳು.

"ನಿಂಗಣ್ಣ ಬಂದು, ಒಸಿ ತಕ್ಕಂಡೋಗಿ ತತ್ತೀವಿ ಅಂದ್ರು. ಡಾಕ್ಟ್ರಿಗೆ ತೋರ್ಸಾಕೆ ಅನ್ಕಂಡೆ. ನಿಮ್ಗೆ ಗೊತ್ತಿಲ್ವಾ?"

ಅಷ್ಟರಲ್ಲಿ ಊರಿನ ಚೇತನ್ಕುಮಾರನ ಲಗೇಜ್ ಆಟೋ ಬಾಗಿಲಿಗೆ ಬಂದು ನಿಂತಿತು. ಹಿಂದಿನಿಂದ ನಿಂಗಯ್ಯ ಇಳಿದ, ಜಯಲಕ್ಷ್ಮಮ್ಮ ಇಳಿದಳು, ಸಂಘದ ಇನ್ನಿಬ್ಬರು ಹೆಂಗಸರು ಇಳಿದರು. ಕೊನೆಗೆ ಇಳಿದದ್ದು ಕತ್ತಿಗೆ ಕನಕಾಂಬರದ ಹಾರ ಹಾಕಿಸಿಕೊಂಡ ಬೆಂಕಿ ಬಣ್ಣದ ಹುಂಜ. ಅದು ನೇರವಾಗಿ ನಡೆದು ಹೋಗಿ ಬೇಲಿಯ ಕಲ್ಲು ಹತ್ತಿತು.

"ತಕ್ಕೋ" ಎಂದ ನಿಂಗಯ್ಯ. ಅವನ ಕಣ್ಣು ಒದ್ದೆಯಾಗಿತ್ತು. "ಯಾವ ಕಷ್ಟಕ್ಕೆ ಕೊಟ್ಟೋ ನಾ ಕೇಳಕ್ಕಿಲ್ಲ. ನಾಚ್ಕೆಗೆ ಪಾಪ, ರಕ್ತ ಅಂದೆ, ದೋಷ ಅಂದೆ. ನಾನೂ ತಪ್ಪು ತಿಳ್ಕಂಡೆ."

"ಸರ್ಯಾಗಿ ಕತ್ತಿ ಮಸೀತಿದ್ರು ಕಾಂತಣ್ಣ" ಎಂದಳು ಜಯಲಕ್ಷ್ಮಮ್ಮ. "ಒಸಿ ತಡ ಆಗಿದ್ರೂ ಓಗಿತ್ತು."

ಕಾಂತರಾಜು ಖಾಲಿ ಗೂಡಿನತ್ತ ಕೈ ತೋರಿಸಿದ. "ಬೋಳು ಕತ್ತಿಂದು ಎಲ್ಲಿ?"

"ಅದ್ನ ವಾಪಸ್ ಕೊಟ್ವಲ್ಲ, ಮೇಲೊಂದು ಚೀಲ ರಾಗಿ ಸಂಘದಿಂದ" ಎಂದಳು ಜಯಲಕ್ಷ್ಮಮ್ಮ.

"ಸರಿ, ನಾಳೆ ಬೆಳಿಗ್ಗೇನೇ ಓಗಿ ತತ್ತೀನಿ ಬುಡಿ."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಂಗ್ಲಾ ತತ್ತೀಯ?" ಎಂದ ನಿಂಗಯ್ಯ. "ಇವತ್ತು ಒಂದು ಉಂಜ ಸಾರಾಯ್ತದೆ ಅಂತ ನಿಂಗೆ ಮಾತು ಕೊಟ್ಟಿದ್ನಂತೆ ಮುದ್ಕ. ಯಾವ್ದು ಅಂತ ನೀನು ಎಸರು ಏಳಿರ್ಲಿಲ್ವಂತೆ. ಆಯಮ್ಮ ಮಸಾಲೆ ಬ್ಯಾರೆ ಅರ್ದಿತ್ತು. ಉಂಡೋಗಿ ಅಂತ ಬಲವಂತ ಮಾಡುದ್ರು. ಒಸಿ ಗಟ್ಟಿ ಇತ್ತು, ಬೇಯೋದು ತಡ ಆಯ್ತು. ಆದ್ರೂ ಏನ್ ರುಚಿ ಅಂತೀಯ. ನಿಂಗೂ ಕೊಟ್ಟವ್ರೆ."

ಚೇತನ್ಕುಮಾರ ಮುಂದಿನ ಸೀಟಿನಿಂದ ಸ್ಟೀಲ್ ಡಬ್ಬಿಯೊಂದನ್ನು ತಂದು ಜಗುಲಿಯ ಮೇಲಿಟ್ಟ. ಇನ್ನೂ ಬಿಸಿ ಇತ್ತು.

ಕಾಂತರಾಜು ಡಬ್ಬಿಯ ಪಕ್ಕದಲ್ಲಿ ಕೂತ. ಏನಾದರೂ ಹೇಳಬೇಕಿತ್ತು. ಕೈಮುಗಿದು "ಬಾಳ ಉಪಕಾರ ಆಯ್ತು" ಎಂದ. ಜಯಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಉಪಕಾರ ಏನ್ ಬಂತು ಬುಡಿ" ಎಂದಳು. "ಇನ್ನು ಅದು ನಿಮ್ಮೊಬ್ಬರ ಉಂಜ ಅಲ್ಲ, ಊರಿಂದು. ನಿಂಗಣ್ಣನೋರ್ದು, ನಂದು, ಸಂಘದೋರ್ದು, ಎಲ್ಲಾ ಯಾಟೆ ಕೋಳಿಗಳ್ನೂ ಆಟೋದಲ್ಲೇ ತಂದಿದ್ದೀವಿ. ಇವತ್ತಿಂದ ಇಲ್ಲೇ ಇರ್ಲಿ."

ಚೇತನ್ಕುಮಾರ ಆಟೋದ ಹಿಂಬಾಗಿಲು ಇಳಿಸಿದ. ಕೋಳಿಗಳು ಒಂದರ ಹಿಂದೊಂದು ಅಂಗಳಕ್ಕೆ ಹಾರಿದವು. ಕಲ್ಲಿನ ಮೇಲಿದ್ದ ಹುಂಜ ಹಾರದ ಸಮೇತ ಕೆಳಗಿಳಿದು ಒಂದು ರೆಕ್ಕೆ ಬಿಚ್ಚಿ ಅವುಗಳ ಸುತ್ತ ತಿರುಗತೊಡಗಿತು.

ಪ್ರಮೀಳಾ ಸ್ವಲ್ಪ ಹೊತ್ತು ಅದನ್ನು ನೋಡುತ್ತ ನಿಂತಿದ್ದು, ಒಳಗೆ ಹೋಗಿ ಅಂಬಲಿಗೆ ದೊಡ್ಡ ಪಾತ್ರೆ ಇಟ್ಟಳು.