ಎಡಗಡೆ ಸೀಟಿನ ಬ್ರೇಕು

ಆ ಭಾನುವಾರ ಬೆಳಿಗ್ಗೆ ಯಲಹಂಕದ ನಮ್ಮ ಮನೆಯ ಗೇಟಿನ ಮುಂದೆ ಇದ್ದವರು ನಾವು ನಾಲ್ಕೇ ಜನ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೊರಗೆ ಬಂದಿದ್ದ ನಮ್ಮ ಯಜಮಾನರು, ಅರಿಶಿನ ಕುಂಕುಮದ ತಟ್ಟೆ ಹಿಡಿದ ನಮ್ಮತ್ತೆ, ಆರ್.ಟಿ. ನಗರದಿಂದ ಬಂದಿದ್ದ ಮೆಕ್ಯಾನಿಕ್ ಇಮ್ತಿಯಾಜ್ ಭಾಯ್, ಮತ್ತು ಹೆಲ್ಮೆಟ್ಟಿನೊಳಗೆ ಜಡೆಯನ್ನು ಹೇಗೆ ತುರುಕುವುದೆಂದು ತಿಳಿಯದೆ ನಿಂತಿದ್ದ ನಾನು. ಐದನೆಯದಾಗಿ ಕಾರನ್ನೂ ಸೇರಿಸಿಕೊಳ್ಳಬಹುದು. ನಮ್ಮ ಮನೆಯಲ್ಲಿ ಈ ವರ್ಷ ಅದರ ಬಗ್ಗೆ ಆಡಿದಷ್ಟು ಮಾತು ನನ್ನ ಬಗ್ಗೆ ಮದುವೆಯಾದಾಗಿನಿಂದ ಯಾರೂ ಆಡಿಲ್ಲ. ಅವತ್ತು ಈ ವರ್ಷದ ಕೊನೆಯ ರೇಸು. ಅದರಲ್ಲಿ ನಾನು ಕೊನೆಯವಳಾಗಿ ಬಂದರೆ ಸೋಮವಾರ ಕಾರು ಗುಜರಿಗೆ ಹೋಗುವುದೆಂದು ತೀರ್ಮಾನವಾಗಿತ್ತು.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಕಾರು ಓಡಿಸುವುದರಲ್ಲಿ ನನಗಿಂತ ಜಾಣರು ಊರು ತುಂಬ ಇದ್ದಾರೆ. ಆದರೆ ಕಾರು ನಿಲ್ಲಿಸುವುದರಲ್ಲಿ ನನ್ನನ್ನು ಮೀರಿಸುವವರು ಯಲಹಂಕದಿಂದ ಹೆಬ್ಬಾಳದವರೆಗೆ ಸಿಗಲಾರರು. ನಾನು ಡ್ರೈವಿಂಗ್ ಸ್ಕೂಲ್ ನಡೆಸುವವಳು. ಬಲಗಡೆ ಕಲಿಯುವವರು ಕೂರುತ್ತಾರೆ, ಎಡಗಡೆ ನಾನು. ನನ್ನ ಕಾಲ ಹತ್ತಿರವೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ಆ ಪೆಡಲ್ಲಿಗೂ ಬಲಗಡೆಯದಕ್ಕೂ ನಡುವೆ ಒಂದು ಕಬ್ಬಿಣದ ಸರಳು. ನಾನು ಒತ್ತಿದರೆ ಅದೂ ಕೆಳಗಿಳಿಯುತ್ತದೆ, ಅವರು ಒತ್ತಿದರೆ ಇದೂ ಕೆಳಗಿಳಿಯುತ್ತದೆ, ಸೊಸೆ ನಕ್ಕರೆ ಅತ್ತೆ ಮುಖ ಗಂಟಿಕ್ಕುವಷ್ಟೇ ನಿಯತ್ತಾಗಿ. ಇಪ್ಪತ್ತು ವರ್ಷದ ಹತ್ತಿರ ಆ ಪೆಡಲ್ಲನ್ನು ಒತ್ತಿ ಒತ್ತಿ ಅದರ ರಬ್ಬರು ನನ್ನ ಚಪ್ಪಲಿಯ ಆಕಾರಕ್ಕೇ ಸವೆದಿದೆ. ಅದರ ದಯದಿಂದ ಎಷ್ಟೋ ಎಳನೀರು ಗಾಡಿಗಳು, ಒಂದು ಮದುವೆ ಮೆರವಣಿಗೆ, ಲೆಕ್ಕವಿಲ್ಲದಷ್ಟು ದನಗಳು ಇವತ್ತಿಗೂ ಸುಖವಾಗಿವೆ. ನನ್ನನ್ನು ಸಾಕಿದ ಅಜ್ಜಿ ಹಾಲು ಕಾಯಿಸುವಾಗಲೂ, ಸೂಜಿಗೆ ದಾರ ಪೋಣಿಸುವಾಗಲೂ, ನಾನು ಓಡಿ ಬಂದು ಅಪ್ಪಿಕೊಂಡಾಗಲೂ "ನಿಧಾನ ಕಣವ್ವಾ, ನಿಧಾನ" ಎನ್ನುತ್ತಿದ್ದಳು. ಅಜ್ಜಿಯಿಂದ ಬೇರೆ ಆಸ್ತಿಯೇನೂ ಬರಲಿಲ್ಲ. ಆ ಮಾತೊಂದು ಬಂತು. ಅದನ್ನೇ ಬಂಡವಾಳ ಮಾಡಿಕೊಂಡು ಬೋರ್ಡು ಹಾಕಿ ಸ್ಕೂಲು ತೆರೆದೆ.

ಇಂಥವಳು ರೇಸಿಗಿಳಿದದ್ದು ಹೇಗೆ ಎಂದು ಕೇಳಬೇಡಿ, ನಾನೇ ಹೇಳುತ್ತೇನೆ. ಸ್ಕೂಲಿನ ಮೊದಲ ಕಾರು, ಎಂಟುನೂರು ಸಿಸಿಯ ಪುಟ್ಟ ಬಿಳಿ ಕಾರು, ವಯಸ್ಸಾಗಿ ರಸ್ತೆಗೆ ನಾಲಾಯಕ್ಕಾಯಿತು. ಹೊಸ ಕಾರು ಬಂತು. ಮನೆಯ ಮುಂದೆ ಇರುವುದು ಒಂದೇ ಕಾರಿನ ಜಾಗ. ಅಲ್ಲಿ ಹಳೆಯದು ಕೂತಿತ್ತು, ಹೊಸದು ಬೀದಿಯಲ್ಲಿ ನಿಂತು ದಿನಕ್ಕೊಂದು ಗೀರು ಹಾಕಿಸಿಕೊಳ್ಳುತ್ತಿತ್ತು. ಯಜಮಾನರು ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ತೂಕ ಮಾಡಿಸುವವರು. ಮನೆಯಲ್ಲೂ ಯಾವ ಮಾತನ್ನೂ ತಕ್ಕಡಿಗೆ ಹಾಕದೆ ಆಡುವವರಲ್ಲ. ಗುಜರಿಯವನನ್ನು ಕರೆಸುತ್ತೇನೆಂದರು. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಇಮ್ತಿಯಾಜ್ ಭಾಯ್ ಬಂದು, ಚಿಕ್ಕಜಾಲದ ಕಡೆ, ರಾಜಾನುಕುಂಟೆ ಕಡೆ, ಲೇಔಟ್ ಆಗಲು ಕಾದು ಕೂತಿರುವ ಜಮೀನುಗಳಲ್ಲಿ ಹುಡುಗರು ಮಣ್ಣಿನ ಟ್ರ್ಯಾಕ್ ಮಾಡಿ ಹಳೆಯ ಕಾರುಗಳನ್ನು ಸುತ್ತು ಹೊಡೆಸುತ್ತಾರೆ ಎಂಬ ಸುದ್ದಿ ಕೊಟ್ಟರು. "ರೋಡಿಗೆ ಬೇಡ ಅಂದ್ರೆ ಮಣ್ಣಿಗೆ ಬಿಡೋಣ ಅಕ್ಕಾ. ಇಂಜಿನ್ ಇನ್ನೂ ಕುದುರೆ ಐತೆ" ಎಂದರು. ನಾನು ಆಗಲೇ ಅಡುಗೆಮನೆಗೆ ಹೋಗಿ ತಟ್ಟೆ ಹಾಕಿಕೊಂಡೆ.

ಯಜಮಾನರು ತಕ್ಕಡಿ ಎತ್ತಿದರು. "ಒಂದು ಸೀಸನ್ ಕೊಡ್ತೀನಿ. ಗೆಲ್ಲು ಅಂತ ಹೇಳಲ್ಲ. ಒಂದೇ ಒಂದು ರೇಸಲ್ಲಿ ಕೊನೆಯವಳಾಗಿ ಬರಬೇಡ. ಅಷ್ಟು ಮಾಡಿದ್ರೆ ಕಾರು ಇಲ್ಲೇ ಇರ್ಲಿ, ಮೇಲೆ ಶೀಟ್ ನಾನೇ ಹಾಕಿಸ್ತೀನಿ" ಎಂದರು. ನನಗೋ, ಇದಕ್ಕಿಂತ ಸುಲಭದ ಷರತ್ತು ಲೋಕದಲ್ಲೇ ಇಲ್ಲ ಎನ್ನಿಸಿತು.

ಇಮ್ತಿಯಾಜ್ ಭಾಯ್ ಓಡಿಸುವವರದೊಂದನ್ನು ಬಿಟ್ಟು ಕಾರಿನ ಸೀಟುಗಳನ್ನೆಲ್ಲ ಕಿತ್ತರು, ಗಾಜು ತೆಗೆದು ಜಾಲರಿ ಹಾಕಿದರು, ಉರುಳಿದರೂ ತಲೆ ಉಳಿಯಲಿ ಎಂದು ಒಳಗೆ ಕಬ್ಬಿಣದ ಪೈಪುಗಳ ಪಂಜರ ಕಟ್ಟಿದರು. ಹಿಂದಿನ ಸೀಟು ನಮ್ಮ ಜಗುಲಿಗೆ ಬಂತು. ಈ ಸಲದ ಅವರೆಕಾಯನ್ನೆಲ್ಲ ಅತ್ತೆ ಅದರ ಮೇಲೆ ಕಾಲು ನೀಡಿ ಕೂತೇ ಸುಲಿದರು. ಬೇಡದ್ದೆಲ್ಲ ಹೋದ ಮೇಲೆ ಭಾಯ್ ಎಡಗಡೆಯ ಬ್ರೇಕ್ ಪೆಡಲ್ಲಿಗೆ ಸ್ಪ್ಯಾನರ್ ಹಾಕಿದರು. ಅದು ಮಾತ್ರ ಬೇಡವೆಂದೆ. ಆ ಕಡೆ ಸೀಟೇ ಇಲ್ಲ, ಪೆಡಲ್ ಯಾಕೆ ಎಂದು ಅವರು ಕೇಳಿದ್ದು ನ್ಯಾಯವೇ. ಇರಲಿ ಬಿಡಿ ಎಂದೆ. ಮನೆ ಮಾರಿದವರು ಬಾಗಿಲ ಬೀಗದಕೈ ಒಂದನ್ನು ಸುಮ್ಮನೆ ಇಟ್ಟುಕೊಳ್ಳುವುದಿಲ್ಲವೇ, ಹಾಗೆ.

ಮೊದಲ ರೇಸು ಚಿಕ್ಕಜಾಲದ ಹತ್ತಿರ. ಕೆಮ್ಮಣ್ಣಿನಲ್ಲಿ ಒಂದು ದೊಡ್ಡ ಮೊಟ್ಟೆಯಾಕಾರದ ದಾರಿ, ಅಂಚಿಗೆ ಹಳೆಯ ಟೈರುಗಳ ಸಾಲು. ಬಾವುಟ ಬಿದ್ದಾಗ ಹೊರಟು ಹತ್ತು ಸುತ್ತು ಮುಗಿಸಿ ಯಾರು ಮೊದಲು ಬರುತ್ತಾರೋ ಅವರು ಗೆದ್ದ ಹಾಗೆ. ಬಾವುಟ ಬಿತ್ತು. ನಾನು ಕನ್ನಡಿ ನೋಡಿದೆ, ಇಂಡಿಕೇಟರ್ ಹಾಕಿದೆ, ಹಿಂದೆ ಯಾರೂ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೊರಟೆ. ಹಿಂದೆ ಯಾರೂ ಬರುತ್ತಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ಎಲ್ಲರೂ ಮುಂದೆ ಹೋಗಿದ್ದರು. ಪ್ರತಿ ತಿರುವಿಗೂ ಮುಂಚೆ ನನ್ನ ಕಾಲು ನನ್ನನ್ನು ಕೇಳದೆ ಬ್ರೇಕಿನ ಮೇಲೆ ಹೋಗುತ್ತಿತ್ತು. ಒಂದು ಕಡೆ ಮಣ್ಣು ಸ್ವಲ್ಪ ಉಬ್ಬಿತ್ತು. ಅದನ್ನು ನಮ್ಮ ಬೀದಿಯ ಹಂಪಿನಂತೆ ಎರಡನೇ ಗೇರಿಗಿಳಿಸಿ ದಾಟಿದೆ. ಇನ್ನೊಂದು ಸುತ್ತಿನಲ್ಲಿ, ಆಗಲೇ ಒಂದು ಸುತ್ತು ಹೆಚ್ಚು ಹೊಡೆದು ಹಿಂದಿನಿಂದ ಬಂದವನು ಹಾರನ್ ಹೊಡೆದನೆಂದು ಎಡಕ್ಕೆ ಸರಿದು, ಜಾಲರಿಯ ಒಳಗಿಂದಲೇ ಕೈ ಬೀಸಿ ಹೋಗಪ್ಪಾ ಎಂದು ದಾರಿ ಬಿಟ್ಟೆ. ನಾನು ಗೆರೆ ದಾಟುವ ಹೊತ್ತಿಗೆ ಗೆದ್ದವನು ಹೆಲ್ಮೆಟ್ ತೆಗೆದು ಕಬ್ಬಿನಹಾಲು ಕುಡಿಯುತ್ತಿದ್ದ.

ಹೋಗಲಿ, ಸೋತದ್ದು ಅಪರಿಚಿತರ ಮುಂದೆಯಾಗಿದ್ದರೆ ಒಂದು ಮಾತು. ಎರಡನೆಯ ರೇಸಿನಲ್ಲಿ ಮತ್ತಿಕೆರೆಯ ಲೋಕೇಶ ಸಿಕ್ಕಿದ. ನನ್ನ ಹಳೆಯ ಶಿಷ್ಯ. ಅವನು ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕಲು ಹೋಗಿ ಎರಡೆರಡು ಸಲ ಫೇಲಾಗಿದ್ದ. ಈ ಕೈಕಾಲಿಗೆ ಸೈಕಲ್ಲೇ ಹೆಚ್ಚು ಎಂದು ನಾನು ಅವನ ತಾಯಿಯ ಮುಂದೆಯೇ ಅಂದಿದ್ದೆ. ಈಗ ಅವನದು ಹಳದಿ ಬಣ್ಣದ ರೇಸ್ ಕಾರು, ಸುತ್ತ ನಾಲ್ಕು ಜನ ಗೆಳೆಯರು. ಕಂಡವನೇ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದ. ಗೆಳೆಯರಿಗೆ, "ಮಚ್ಚಾ, ಇವ್ರೇ ನಮ್ ಮೇಡಂ. ನಂಗೆ ಸ್ಟೇರಿಂಗ್ ಹಿಡಿಯೋದು ಕಲ್ಸಿದ್ದು ಇವ್ರೇ" ಎಂದ. ಮೂರನೆಯ ಸುತ್ತಿನಲ್ಲಿ ನನ್ನ ಹಿಂದೆ ಬಂದ. ನಾನು ತಿರುವಿನಲ್ಲಿ ಬ್ರೇಕ್ ಹಾಕುವುದನ್ನೇ ಕಾದಿದ್ದು, ಒಳಗಡೆಯಿಂದ ನುಗ್ಗಿ, ಪಕ್ಕಕ್ಕೆ ಬಂದಾಗ ತಲೆ ಬಗ್ಗಿಸಿ ಗೌರವ ತೋರಿಸಿ, ಮುಂದೆ ಹೋದ. ಅವನು ಹಾಗೆ ಮಾಡಿದ್ದನ್ನು ನೋಡಿ ಉಳಿದವರಿಗೂ ವಿದ್ಯೆ ತಿಳಿಯಿತು. ಮೇಡಂ ತಿರುವಿನಲ್ಲಿ ನಿಲ್ಲಿಸುತ್ತಾರೆ, ಅಲ್ಲಿ ಒಳಗೆ ನುಗ್ಗಬೇಕು. ಮೂರನೆಯ ರೇಸಿನ ಹೊತ್ತಿಗೆ ಆ ಟ್ರ್ಯಾಕುಗಳಲ್ಲಿ ನನ್ನ ಬ್ರೇಕ್ ಲೈಟು ಎಲ್ಲರ ಪಾಲಿಗೂ ಹೆಬ್ಬಾಳದ ಸಿಗ್ನಲ್ ಲೈಟಿಗಿಂತ ನಂಬಿಕಸ್ತವಾಗಿತ್ತು. ಮೂರರಲ್ಲೂ ನಾನೇ ಕೊನೆ.

ಮನೆಯಲ್ಲಿ ಯಜಮಾನರು ಗೇಲಿ ಮಾಡಲಿಲ್ಲ, ಮಾಡಿದ್ದರೆ ಚೆನ್ನಾಗಿತ್ತು. ಒಂದು ದಿನ ಕಾರಿನ ಸುತ್ತ ಒಂದು ಸುತ್ತು ಹಾಕಿ, ಕಬ್ಬಿಣ ಎಷ್ಟು ತೂಗಬಹುದೆಂದು ಕಣ್ಣಲ್ಲೇ ಅಂದಾಜು ಮಾಡುತ್ತಿದ್ದುದನ್ನು ಕಿಟಕಿಯಿಂದ ನೋಡಿದೆ. ಅವತ್ತೇ ನಿಶ್ಚಯ ಮಾಡಿದೆ. ಕೊನೆಯ ರೇಸಿನಲ್ಲಿ ಏನಾದರಾಗಲಿ, ಬ್ರೇಕ್ ಮುಟ್ಟುವುದಿಲ್ಲ. ಆ ವಾರವೆಲ್ಲ ಬಲಗಾಲಿಗೆ ಬುದ್ಧಿ ಹೇಳಿದೆ. ತರಕಾರಿ ಹೆಚ್ಚುವಾಗ, ಬಟ್ಟೆ ಒಣಗಿಸುವಾಗ, ಒತ್ತಬೇಡ ಒತ್ತಬೇಡ ಎಂದು ಹೇಳಿಕೊಂಡೆ. ಕಾಲು ಕೇಳಿಸಿಕೊಂಡ ಹಾಗೆಯೇ ಕಾಣಿಸುತ್ತಿತ್ತು.

ಕೊನೆಯ ರೇಸು ರಾಜಾನುಕುಂಟೆಯ ಆಚೆ, ಸೈಟಿನ ಕಲ್ಲುಗಳು ನೆಟ್ಟು ನಿಂತಿದ್ದ ಬಯಲಿನಲ್ಲಿ. ನಾಲ್ವರೂ ಹೋದೆವು. ಅಲ್ಲಿ ಕಾರುಗಳ ತಪಾಸಣೆ ಮುಗಿದ ಮೇಲೆ ಅತ್ತೆ ತಮ್ಮ ಕೆಲಸ ಶುರುಮಾಡಿದರು. ಬಾನೆಟ್ಟಿಗೆ ಕುಂಕುಮ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ತೆಂಗಿನಕಾಯನ್ನು ಮಾತ್ರ ಒಡೆಯಲಿಲ್ಲ. ಕೇಳಿದರೆ, "ಮೂರು ಸಲ ಮೊದ್ಲೇ ಒಡ್ದು ಏನಾಯ್ತು? ಈ ಸಲ ಗೆದ್ಕೊಂಡ್ ಬಾ, ಆಮೇಲ್ ಒಡ್ಯಾನ. ದೇವ್ರಿಗೂ ಸ್ವಲ್ಪ ಭಯ ಇರ್ಲಿ" ಎಂದರು. ಚಿಕ್ಕಜಾಲದಲ್ಲಿ ಹುಟ್ಟಿ ಬೆಳೆದವರು, ದೇವರ ಜೊತೆಗೂ ನೇರ ವ್ಯವಹಾರ. ಕಾಯನ್ನು ಏನು ಮಾಡಿದರೆಂದು ನಾನು ಗಮನಿಸಲಿಲ್ಲ. ಜಡೆಯ ಜೊತೆ ಹೆಣಗುತ್ತಿದ್ದೆ.

ಬಾವುಟ ಬಿತ್ತು. ಈ ಸಲ ಇಂಡಿಕೇಟರ್ ಹಾಕಲಿಲ್ಲ. ಮೊದಲ ತಿರುವು ಬಂತು. ವಾರವೆಲ್ಲ ಪಾಠ ಕೇಳಿದ್ದ ಕಾಲು ಎಲ್ಲವನ್ನೂ ಮರೆತು ಹಳೆಯ ಅಭ್ಯಾಸದಂತೆ ಬ್ರೇಕಿನ ಮೇಲೆ ಹೋಗಿ ಒತ್ತಿತು. ಪೆಡಲ್ ಕೆಳಗಿಳಿಯಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಬಂಡೆಗಲ್ಲನ್ನು ಒತ್ತಿದ ಹಾಗಿತ್ತು. ಕಾರು ಓಡುತ್ತಲೇ ಇತ್ತು, ಟೈರುಗಳ ಸಾಲು ಎದುರಿಗೆ ಬರುತ್ತಲೇ ಇತ್ತು. ಆಗ ಯಾರೋ ಗಟ್ಟಿಯಾಗಿ ಮಾತಾಡುತ್ತಿರುವುದು ಕೇಳಿಸಿತು: "ಬ್ರೇಕ್ ಹಿಡೀಲಿಲ್ವಾ? ಗಾಬರಿ ಬೇಡ. ಗೇರ್ ಇಳ್ಸಿ. ಉಸಿರು ಬಿಡಿ. ಸ್ಟೇರಿಂಗ್ ನಿಮ್ ಕೈಲೇ ಇದೆ." ಮಾತಾಡುತ್ತಿದ್ದವಳು ನಾನೇ. ಇಪ್ಪತ್ತು ವರ್ಷದಿಂದ ನೂರಾರು ಜನರಿಗೆ ಹೇಳಿಕೊಟ್ಟಿದ್ದೆ, ಒಂದು ದಿನವೂ ಸ್ವತಃ ಮಾಡಿ ನೋಡಿರಲಿಲ್ಲ. ಗೇರ್ ಇಳಿಸಿದೆ. ಇಂಜಿನ್ ಗೊರಗೊರ ಎಂದು ಕಾರನ್ನು ಹಿಡಿಯಿತು. ಹಿಂಭಾಗ ಸ್ವಲ್ಪ ಜಾರಿ, ಮುಂಭಾಗ ತಾನಾಗಿಯೇ ತಿರುವಿನ ಕಡೆ ಮುಖ ಮಾಡಿತು. ಬೇರೆಯವರೆಲ್ಲ ಬೇಕೆಂದೇ ಹೀಗೆ ಮಾಡುತ್ತಾರೆ ಎನ್ನುವುದು ಆಗ ಹೊಳೆಯಿತು.

ನಡುವಿನ ಬಯಲಿಗೆ ಕಾರು ಇಳಿಸಿ ನಿಲ್ಲಿಸಬಹುದಿತ್ತು. ಬುದ್ಧಿವಂತರಾದರೆ ಹಾಗೆಯೇ ಮಾಡುತ್ತಿದ್ದರು. ನನ್ನ ವಿದ್ಯಾರ್ಥಿಗಳಿಗೂ ನಾನು ಹಾಗೆಯೇ ಹೇಳುತ್ತೇನೆ. ಆದರೆ ನಿಲ್ಲಿಸಿದರೆ ನಾನೇ ಕೊನೆ. ಕಣ್ಣಲ್ಲೇ ಕಬ್ಬಿಣ ತೂಗಿದ ಯಜಮಾನರ ನೆನಪಾಯಿತು. ಹಲ್ಲು ಕಚ್ಚಿ ಮುಂದಿನ ತಿರುವಿಗೆ ಹೋದೆ. ಅಲ್ಲೂ ಗೇರು, ಅಲ್ಲೂ ಉಸಿರು. ಹೀಗೇ ಸುತ್ತುಗಳು ಕಳೆದವು. ಕೊನೆಯ ಸುತ್ತಿನಲ್ಲಿ ಲೋಕೇಶನ ಹಳದಿ ಕಾರು ನನ್ನ ಹಿಂದೆ ಬಂತು. ನಾನು ಬ್ರೇಕ್ ಹಾಕುವ ಜಾಗಕ್ಕೆ ಕಾದು, ಒಳಗೆ ನುಗ್ಗಲು ತಯಾರಾದ. ನಾನು ಬ್ರೇಕ್ ಹಾಕಲಿಲ್ಲ. ನನ್ನ ಜೊತೆಗೇ ಅದೇ ವೇಗದಲ್ಲಿ ತಿರುವಿಗೆ ಬಂದ ಅವನು ಹಿಡಿತ ತಪ್ಪಿ, ಗಿರ್ರನೆ ತಿರುಗಿ, ಟೈರುಗಳ ನಡುವೆ ಹಿಂದುಮುಂದಾಗಿ ಕೂತ. ಅವನು ಸರಿಮಾಡಿಕೊಂಡು ಬರುವಷ್ಟರಲ್ಲಿ ನಾನು ಗೆರೆ ದಾಟಿದ್ದೆ. ಈ ಸಲ ಕೊನೆಯವನು ಅವನು. ದಾಟಿದ ಮೇಲೆ ನಿಲ್ಲಿಸಬೇಕಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಯಾರೋ ಗುಡ್ಡೆ ಹಾಕಿದ್ದ ಮಣ್ಣಿನ ರಾಶಿಗೆ ಮೆತ್ತಗೆ ಮೂತಿ ಊರಿಸಿದೆ.

ಮೊದಲು ಓಡಿ ಬಂದವನು ಲೋಕೇಶನೇ, ಮೈಯೆಲ್ಲ ಕೆಂಪು ಧೂಳು. "ಏನ್ ಮೇಡಂ ನೀವು, ಅಲ್ಲಿ ಬ್ರೇಕ್ ಹಾಕೇ ಹಾಕ್ತೀರಾ ಅಂತ ನಂಬ್ಕೊಂಡಿದ್ದೆ" ಎಂದ, ನನ್ನಿಂದ ಮೋಸವಾಯಿತೆನ್ನುವ ಧ್ವನಿಯಲ್ಲಿ. ಸುತ್ತ ಸೇರಿದವರೆಲ್ಲ ನನ್ನ ಧೈರ್ಯವನ್ನು ಹೊಗಳಿದರು. ನಾನು ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಸುಮ್ಮನೆ ನಕ್ಕೆ. ಎರಡು ನಿಮಿಷ ನನಗೂ ಅದು ಧೈರ್ಯವೇ ಅನ್ನಿಸಿತ್ತು. ಅಷ್ಟರಲ್ಲಿ ಇಮ್ತಿಯಾಜ್ ಭಾಯ್ ಎಡಗಡೆ ಬಾಗಿಲಿಂದ ತಲೆ ಹಾಕಿ, ಎಡಗಡೆಯ ಬ್ರೇಕ್ ಪೆಡಲ್ಲಿನ ಕೆಳಗೆ ಗಟ್ಟಿಯಾಗಿ ಸಿಕ್ಕಿಕೊಂಡಿದ್ದ ತೆಂಗಿನಕಾಯನ್ನು ಹೊರಗೆಳೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಅದರ ಜುಟ್ಟಿನ ಮೇಲೆ ಕುಂಕುಮವಿತ್ತು. ಎಡಗಡೆಯದು ಇಳಿಯದಿದ್ದರೆ, ನಡುವಿನ ಸರಳಿನ ದೆಸೆಯಿಂದ, ಬಲಗಡೆಯದೂ ಇಳಿಯುವ ಹಾಗಿರಲಿಲ್ಲ.

ಅತ್ತೆ ನಿಶ್ಚಿಂತೆಯಿಂದ, "ನಾನೇ ಮಡಗಿದ್ದು. ಆ ಕಡೆ ಸೀಟೇ ಇಲ್ಲ, ಜಾಗ ಖಾಲಿ ಐತೆ ಅಂತ ಇಟ್ಟೆ. ಇಂಗೆ ಉರುಳ್ತದೆ ಅಂತ ನಂಗೇನ್ ಗೊತ್ತು?" ಎಂದರು. ನಾನು ಯಜಮಾನರ ಮುಖ ನೋಡಿದೆ. ನಾನು ಬೇಕೆಂದು ಬ್ರೇಕ್ ಬಿಟ್ಟವಳಲ್ಲ, ಬ್ರೇಕೇ ಇರಲಿಲ್ಲ, ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ನೀವೇ ಹೇಳಿ ಎಂದೆ. ಅವರು ಕಾಯನ್ನು ಕೈಗೆ ತೆಗೆದುಕೊಂಡು, ಒಂದು ಸಲ ತೂಗಿ ನೋಡಿದರು.

"ಕೊನೆಯವಳಾಗಿ ಬರಬೇಡ ಅಂದಿದ್ದೆ. ಬ್ರೇಕ್ ಇರ್ಲೇಬೇಕು ಅಂತ ನಾನೆಲ್ಲಿ ಅಂದೆ?" ಎಂದರು. ಆಮೇಲೆ ಕಾಯನ್ನು ಅತ್ತೆಯ ಕೈಗೆ ಕೊಟ್ಟು, "ಆ ಪೆಡಲ್ ಮಾತ್ರ ಇವತ್ತೇ ಕಿತ್ತಾಕ್ಸು" ಎಂದರು. ಇಮ್ತಿಯಾಜ್ ಭಾಯ್ ಅಲ್ಲೇ ಸ್ಪ್ಯಾನರ್ ಹಾಕಿದರು, ಈ ಸಲ ನಾನು ತಡೆಯಲಿಲ್ಲ. ಸವೆದ ರಬ್ಬರನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡೆ.

ಹಳೆಯ ಕಾರನ್ನು ಇಮ್ತಿಯಾಜ್ ಭಾಯ್‌ಗೆ ಒಪ್ಪಿಸಿ, ಸಂಜೆ ಸ್ಕೂಲಿನ ಹೊಸ ಕಾರಿನಲ್ಲಿ ಮನೆಗೆ ಹೊರಟೆವು. ಯಜಮಾನರು ಓಡಿಸಿದರು, ಅತ್ತೆ ಹಿಂದೆ ಕೂತರು, ನಾನು ಎಡಗಡೆ. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಲಾರಿಗಳು, ಬಸ್ಸುಗಳು, ಅಡ್ಡ ಬರುವ ಸ್ಕೂಟರುಗಳು. ಈ ಕಾರಿನಲ್ಲೂ ನನ್ನ ಕಡೆ ಪೆಡಲ್ ಇದೆ. ರಾಜಾನುಕುಂಟೆ ದಾಟುವಷ್ಟರಲ್ಲಿ ನಾನು ಐದಾರು ಸಲ ಒತ್ತಿದ್ದೆ, ಒಂದು ಸಲವಂತೂ ಅತ್ತೆಯ ಹಣೆ ಮುಂದಿನ ಸೀಟಿಗೆ ತಗಲಿತು. ಯಜಮಾನರು ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ಹಿಂದೆ ಕೈ ಚಾಚಿ, "ಅಮ್ಮಾ, ಆ ಕಾಯಿ ಕೊಡು" ಎಂದರು. ಅದನ್ನು ನನ್ನ ಮಡಿಲಿಗೆ ಹಾಕಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಲು ಸೀಟಿನ ಮೇಲೆ ಮಡಚಿಕೊಳ್ಳಲು ಹೇಳಿದರು. ರೇಸಿನ ಧೂಳು ಮೆತ್ತಿದ ಬಟ್ಟೆಯಲ್ಲಿ, ಚಕ್ಕಳಮಕ್ಕಳ ಹಾಕಿಕೊಂಡು, ಮಡಿಲಲ್ಲಿ ಕಾಯಿ ಇಟ್ಟುಕೊಂಡು, ತವರಿಂದ ಹೊರಟ ಮದುಮಗಳ ಹಾಗೆ ಯಲಹಂಕದವರೆಗೂ ಬಂದೆ. ಮನೆ ಮುಂದೆ ಇಳಿದ ಮೇಲೆ ಅತ್ತೆ ಆ ಕಾಯನ್ನು ಒಡೆದರು.